ಗುಡ್ಡದ ಸೈಕಲ್ಲಿಗೆ ಶ್ರುತಿ

ಅಂಗಡಿಯಿಂದ ಮನೆಗೆ ಬಂದ ಹೊಸ ಸೈಕಲ್ಲು ತನ್ನ ಸವಾರನ ತೂಕವನ್ನು ಅರಿಯದು. ಊರೊಳಗಿನ ಓಡಾಟದ ಸೈಕಲ್ಲಿಗೆ ಅದನ್ನು ಅರಿಯುವ ಅಗತ್ಯವೂ ಹೆಚ್ಚಾಗಿಲ್ಲ; ಸೀಟಿನ ಎತ್ತರವನ್ನು ಸರಿಪಡಿಸಿ ಟೈರಿಗೆ ಗಾಳಿ ತುಂಬಿಬಿಟ್ಟರೆ, ಅಜ್ಜನಾಗಲಿ ಮೊಮ್ಮಗನಾಗಲಿ, ಯಾರನ್ನಾದರೂ ಹೊತ್ತು ಅದು ಸಾಗುತ್ತದೆ. ಗುಡ್ಡಗಾಡಿನ ಹಾದಿಗೆಂದೇ ನಿರ್ಮಿತವಾದ ಸೈಕಲ್ಲಿನ ಮಾತು ಬೇರೆ. ಅದರ ಮುಂಚಕ್ರವನ್ನು ಹಿಡಿದಿರುವ ಫೋರ್ಕಿನ ಎರಡು ಕಾಲುಗಳು ಪೊಳ್ಳಾದ ಕೊಳವೆಗಳು; ಒಂದರೊಳಗೆ ಒತ್ತಿ ತುಂಬಿದ ಗಾಳಿ, ಇನ್ನೊಂದರೊಳಗೆ ಎಣ್ಣೆ. ಈ ಗಾಳಿ ಎಣ್ಣೆಗಳ ಕೆಲಸವನ್ನು ಸವಾರನ ತೂಕಕ್ಕೂ ಹಾದಿಯ ಗುಣಕ್ಕೂ ಹೊಂದಿಸಿಕೊಳ್ಳದಿದ್ದರೆ, ಎಷ್ಟೇ ಬೆಲೆ ತೆತ್ತು ತಂದ ಸೈಕಲ್ಲಾದರೂ ಶ್ರುತಿಗೂಡಿಸದ ತಂಬೂರಿಯಂತೆಯೇ ಸರಿ. ತಂಬೂರಿಯ ಅಪಶ್ರುತಿಯಿಂದ ಕಿವಿಗೆ ಮಾತ್ರ ನೋವು. ಫೋರ್ಕಿನ ಅಪಶ್ರುತಿಯಿಂದ ಅಂಗೈಗೆ, ಮಣಿಕಟ್ಟಿಗೆ, ಒಮ್ಮೊಮ್ಮೆ ತಲೆಗೇ ಪೆಟ್ಟು.

ನೆಲದ ಏರುಪೇರು ಮೈಗೆ ತಟ್ಟದಿರಲೆಂದು ಮನುಷ್ಯನು ಹೂಡಿದ ಉಪಾಯಗಳು ಬಹಳ ಹಳೆಯವು. ಎತ್ತಿನ ಗಾಡಿಯಲ್ಲಿ ಜಾತ್ರೆಗೆ ಹೊರಟವರು ಕೆಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹರಡಿಕೊಳ್ಳುತ್ತಿದ್ದುದು ಅದಕ್ಕಾಗಿಯೇ. ಸೈಕಲ್ಲಿನ ಪಾಲಿಗೆ ಆ ಹುಲ್ಲಿನ ಮೆತ್ತೆಯನ್ನು ಒದಗಿಸಿದವನು ಬೆಲ್‌ಫಾಸ್ಟ್ ನಗರದಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯ. ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅವನು ರೂಪಿಸಿದ ಗಾಳಿಯ ಟೈರಿಗೆ 1888ರಲ್ಲಿ ಪೇಟೆಂಟು ದೊರೆಯಿತು. ಮುಂದೆ ನೂರು ವರ್ಷಗಳ ಕಾಲ ಬಹುಪಾಲು ಸೈಕಲ್ಲುಗಳಿಗೆ ಆ ಮೆತ್ತೆಯೇ ಸಾಕೆನಿಸಿತು. ಒಂದರೊಳಗೊಂದು ಜಾರುವ ಕೊಳವೆಗಳುಳ್ಳ, ಎಣ್ಣೆಯಿಂದ ನಿಯಂತ್ರಿತವಾದ ಫೋರ್ಕು 1935ರಲ್ಲಿಯೇ ಬಿ.ಎಂ.ಡಬ್ಲ್ಯು. ಸಂಸ್ಥೆಯ ಮೋಟಾರ್ ಸೈಕಲ್ಲಿಗೆ ಬಂದಿದ್ದರೂ, ಸೈಕಲ್ಲಿಗೆ ಅಂಥದೊಂದು ಬೇಕೆಂದು ಯಾರಿಗೂ ಅಷ್ಟಾಗಿ ತೋರಲಿಲ್ಲ.

ಬೇಕೆನಿಸುವಂತೆ ಮಾಡಿದ್ದು ಅಮೆರಿಕಾದ ಕ್ಯಾಲಿಫೋರ್ನಿಯಾ ಪ್ರಾಂತ್ಯದ ಮರೀನ್ ಜಿಲ್ಲೆಯ ಬೆಟ್ಟಗಳು. 1970ರ ದಶಕದಲ್ಲಿ ಅಲ್ಲಿಯ ಕೆಲವು ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಮೇಲಕ್ಕೆ ಸಾಗಿಸಿ, ಮಣ್ಣಿನ ಹಾದಿಯಲ್ಲಿ ಕೆಳಕ್ಕೆ ಧಾವಿಸುವ ಆಟವನ್ನು ಕಟ್ಟಿಕೊಂಡರು. 1976ರಲ್ಲಿ ಈ ಆಟ ಪಂದ್ಯದ ರೂಪ ತಳೆಯಿತು. ಸುಮಾರು ಎರಡು ಮೈಲಿಯೊಳಗೆ 1300 ಅಡಿ ಇಳಿಯುವ ಆ ಹಾದಿಗೆ ‘ರೀಪ್ಯಾಕ್’ ಎಂಬ ಹೆಸರು ಬಿದ್ದುದಕ್ಕೆ ಕಾರಣವೂ ಸ್ವಾರಸ್ಯವಾದದ್ದು: ಇಳಿದು ಮುಗಿಸುವಷ್ಟರಲ್ಲಿ ಹಿಂಚಕ್ರದ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗಿ, ಹೊಸ ಗ್ರೀಸನ್ನು ತುಂಬಬೇಕಾಗುತ್ತಿತ್ತು. ಜೋ ಬ್ರೀಜ್, ಗ್ಯಾರಿ ಫಿಷರ್, ಚಾರ್ಲಿ ಕೆಲ್ಲಿ, ಟಾಮ್ ರಿಚಿ ಮುಂತಾದವರ ಹೆಸರುಗಳು ಆ ಕಾಲದ ಚರಿತ್ರೆಯಲ್ಲಿ ಸೇರಿಹೋಗಿವೆ. ಆದರೆ ಅವರ ಸೈಕಲ್ಲುಗಳ ಫೋರ್ಕುಗಳು ಬಿಗಿಯಾದ ಉಕ್ಕಿನವು. ಪ್ರತಿಯೊಂದು ಕಲ್ಲಿನ ಪೆಟ್ಟೂ ನೇರವಾಗಿ ತೋಳಿಗೇ ಏರುತ್ತಿತ್ತು. ಮೋಟಾರ್ ಸೈಕಲ್ಲಿನ ಲೋಕದಲ್ಲಿ ಪಳಗಿದ್ದ ಪಾಲ್ ಟರ್ನರ್ ಮತ್ತು ಸ್ಟೀವ್ ಸೈಮನ್ಸ್ ಎಂಬಿಬ್ಬರು 1980ರ ದಶಕದ ಕೊನೆಯಲ್ಲಿ ‘ರಾಕ್‌ಷಾಕ್ಸ್’ ಎಂಬ ಹೆಸರಿನಲ್ಲಿ ಗಾಳಿ ಎಣ್ಣೆಗಳ ಫೋರ್ಕೊಂದನ್ನು ಹೊರತಂದರು. ಅದು ಕುಗ್ಗುತ್ತಿದ್ದುದು ಹೆಚ್ಚೆಂದರೆ ಎರಡು ಅಂಗುಲ. ಇದೊಂದು ಷೋಕಿಯೆಂದು ನಕ್ಕವರೂ ಇದ್ದರು. 1990ರಲ್ಲಿ ಕೊಲರಾಡೊದ ಡುರಾಂಗೊ ಪಟ್ಟಣದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದು, ಗ್ರೆಗ್ ಹರ್ಬೋಲ್ಡ್ ಈ ಫೋರ್ಕನ್ನು ಕೂಡಿಸಿಕೊಂಡು ಇಳಿಜಾರಿನ ಪಂದ್ಯವನ್ನು ಗೆದ್ದ ಮೇಲೆ ನಗು ನಿಂತಿತು.

ಆ ಗೆಲುವಿನ ಮರ್ಮವನ್ನು ತಿಳಿದರೆ ಫೋರ್ಕನ್ನು ಹದಗೊಳಿಸುವ ವಿದ್ಯೆಯ ಅರ್ಧಭಾಗ ಕೈವಶವಾದಂತೆ. ಸಾಮಾನ್ಯವಾಗಿ ಜನರು ತಿಳಿದಿರುವಂತೆ ಸಸ್ಪೆನ್ಷನ್ ಎಂಬುದು ಕೇವಲ ಸುಖಕ್ಕಾಗಿ ಇರುವುದಲ್ಲ. ಚಕ್ರವು ನೆಲವನ್ನು ಬಿಡದಂತೆ ನೋಡಿಕೊಳ್ಳುವುದೇ ಅದರ ಮೊದಲನೆಯ ಕರ್ತವ್ಯ. ಟೈರು ಗಾಳಿಯಲ್ಲಿರುವ ಆ ಒಂದು ಕ್ಷಣ ಬ್ರೇಕು ಹಿಡಿದರೂ ವ್ಯರ್ಥ, ಹ್ಯಾಂಡಲನ್ನು ತಿರುಗಿಸಿದರೂ ವ್ಯರ್ಥ. ಬಿಗಿಯಾದ ಫೋರ್ಕು ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ. ಹದವಾದ ಫೋರ್ಕು ಕಲ್ಲನ್ನು ಸವರಿಕೊಂಡು ಸಾಗುತ್ತದೆ. ಸುಖವೆಂಬುದು ಈ ಹಿಡಿತದ ಬೆನ್ನಿಗೆ ತಾನಾಗಿಯೇ ಬರುವ ಫಲ.

ಫೋರ್ಕಿನ ಒಳಗನ್ನು ಅರಿಯಲು ಎರಡು ಪರಿಚಿತ ವಸ್ತುಗಳನ್ನು ನೆನೆದರೆ ಸಾಕು. ಒಂದು, ಡಾಕ್ಟರರ ಸಿರಿಂಜು. ಸೂಜಿಯಿಲ್ಲದ ಸಿರಿಂಜಿನ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ ದಂಡವನ್ನು ಒತ್ತಿದರೆ ಮೊದಲು ಸುಲಭವಾಗಿ ಒಳಸರಿಯುತ್ತದೆ, ಬರಬರುತ್ತ ಬಿಗಿಯುತ್ತದೆ, ಕೈ ಬಿಟ್ಟರೆ ಹಿಂದಕ್ಕೆ ಚಿಮ್ಮುತ್ತದೆ. ಗಾಳಿಯ ಗಾತ್ರ ಕುಗ್ಗಿದಂತೆ ಒತ್ತಡ ಏರುವುದೆಂದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮವೇ ಇದು. ಫೋರ್ಕಿನ ಒಂದು ಕಾಲಿನಲ್ಲಿರುವುದು ಇಂಥ ಗಾಳಿಯ ಸ್ಪ್ರಿಂಗು. ಇನ್ನೊಂದು ವಸ್ತು, ಬ್ಯಾಂಕು ಕಚೇರಿಗಳ ಬಾಗಿಲಿನ ಮೇಲ್ಭಾಗದಲ್ಲಿ ಕೂಡಿಸಿರುವ ಸಾಧನ. ಸ್ಪ್ರಿಂಗೊಂದೇ ಇದ್ದಿದ್ದರೆ ಬಾಗಿಲು ದಢಾರೆಂದು ಬಡಿಯುತ್ತಿತ್ತು. ಒಳಗಿನ ಎಣ್ಣೆಯು ಸಣ್ಣ ರಂಧ್ರದ ಮೂಲಕ ಹಾಯಬೇಕಾದುದರಿಂದ ಅದು ಸಾವಕಾಶವಾಗಿ ಮುಚ್ಚಿಕೊಳ್ಳುತ್ತದೆ. ಫೋರ್ಕಿನ ಮತ್ತೊಂದು ಕಾಲಿನಲ್ಲಿರುವ ಡ್ಯಾಂಪರ್ ಮಾಡುವುದೂ ಇದನ್ನೇ. ಗಾಳಿಯು ಭಾರವನ್ನು ಹೊರುತ್ತದೆ. ಎಣ್ಣೆಯು ವೇಗವನ್ನು ಅಂಕೆಯಲ್ಲಿಡುತ್ತದೆ. ಈ ಎರಡರ ಕೆಲಸವನ್ನು ಒಂದರೊಡನೊಂದು ಬೆರೆಸಿಕೊಂಡವರೇ ಹೆಚ್ಚಾಗಿ ದಾರಿ ತಪ್ಪುವುದು.

ಮೊದಲು ಗಾಳಿಯ ವಿಚಾರ. ಇದಕ್ಕೆ ಮನೆಯ ಸೈಕಲ್ ಪಂಪೂ ಸಲ್ಲದು, ಪೆಟ್ರೋಲ್ ಬಂಕಿನ ಯಂತ್ರವೂ ಸಲ್ಲದು. ಫೋರ್ಕಿನೊಳಗಿನ ಜಾಗ ಬಹು ಚಿಕ್ಕದಾದುದರಿಂದ ಸ್ವಲ್ಪ ಗಾಳಿ ಹೆಚ್ಚುಕಡಿಮೆಯಾದರೂ ಒತ್ತಡ ಬಹಳವಾಗಿ ಬದಲಾಗುತ್ತದೆ. ಇದಕ್ಕೆಂದೇ ಶಾಕ್ ಪಂಪ್ ಎಂಬ ಅಂಗೈಯಗಲದ ಪಂಪು ದೊರೆಯುತ್ತದೆ. ಅದರಲ್ಲಿ ಒತ್ತಡವನ್ನು ತೋರಿಸುವ ಮುಳ್ಳೂ, ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ಹೊರಬಿಡುವ ಗುಂಡಿಯೂ ಇರುತ್ತವೆ. ಪಂಪನ್ನು ತಿರುಗಿಸಿ ಬಿಚ್ಚುವಾಗ ಕೇಳುವ ‘ಸುಸ್’ ಎಂಬ ಶಬ್ದದಿಂದ ಹೊಸಬರು ಗಾಬರಿಯಾಗುವುದುಂಟು. ಹಾಗೆ ಹೋಗುವುದು ಬಹುತೇಕ ಪಂಪಿನ ಕೊಳವೆಯಲ್ಲಿದ್ದ ಗಾಳಿಯೇ ಹೊರತು ಫೋರ್ಕಿನದಲ್ಲ. ಆದರೆ ಪಂಪನ್ನು ಮತ್ತೆ ಜೋಡಿಸಿದೊಡನೆ ಆ ಖಾಲಿ ಕೊಳವೆಯನ್ನು ಫೋರ್ಕಿನ ಗಾಳಿಯೇ ತುಂಬಬೇಕಾಗುವುದರಿಂದ ಮುಳ್ಳು ಕೊಂಚ ಕಡಿಮೆ ತೋರಿಸುತ್ತದೆ. ಗಾಳಿ ಸೋರಿತೆಂದು ಅದರಿಂದ ತೀರ್ಮಾನಿಸಬಾರದು.

ಗಾಳಿ ಎಷ್ಟಿರಬೇಕೆಂಬುದಕ್ಕೆ ತಯಾರಕರು ತೂಕಕ್ಕನುಗುಣವಾದ ಪಟ್ಟಿಯನ್ನು ಬಹುಮಟ್ಟಿಗೆ ಫೋರ್ಕಿನ ಕಾಲಿನ ಮೇಲೆಯೇ ಅಂಟಿಸಿರುತ್ತಾರೆ. ಅದು ಆರಂಭಕ್ಕೆ ಒಳ್ಳೆಯ ದಾರಿದೀಪ. ಆದರೆ ಕೊನೆಯ ಮಾತಲ್ಲ. ಕೊನೆಯ ಮಾತನ್ನು ಹೇಳುವುದು ‘ಸ್ಯಾಗ್’ ಎಂಬ ಅಳತೆ. ಸವಾರನು ಸುಮ್ಮನೆ ಸೈಕಲ್ಲಿನ ಮೇಲೆ ನಿಂತಾಗಲೇ ಫೋರ್ಕು ಅವನ ಭಾರಕ್ಕೆ ಎಷ್ಟು ಕುಗ್ಗುತ್ತದೆಯೋ ಅದೇ ಸ್ಯಾಗ್. ಸ್ವಲ್ಪವಾದರೂ ಕುಗ್ಗಲೇಬೇಕು, ಏಕೆಂದರೆ ಹಾದಿಯಲ್ಲಿ ಉಬ್ಬುಗಳಿರುವಂತೆ ಗುಂಡಿಗಳೂ ಇರುತ್ತವೆ. ಗುಂಡಿ ಬಂದಾಗ ಚಕ್ರವು ಕೆಳಕ್ಕೆ ಚಾಚಿ ನೆಲವನ್ನು ಮುಟ್ಟಬೇಕಾದರೆ, ಚಾಚುವುದಕ್ಕೆ ಅವಕಾಶ ಮೊದಲೇ ಉಳಿದಿರಬೇಕಷ್ಟೆ. ಏರು ಇಳಿವುಗಳೆರಡೂ ಇರುವ ವೇಗದ ಪಂದ್ಯಗಳವರು ಫೋರ್ಕಿನ ಒಟ್ಟು ಚಲನೆಯಲ್ಲಿ ನೂರಕ್ಕೆ 15ರಿಂದ 20 ಭಾಗವನ್ನೂ, ಸಾಧಾರಣ ಕಾಡುಹಾದಿಯ ಸವಾರರು 20ರಿಂದ 25 ಭಾಗವನ್ನೂ, ಕಡಿದಾದ ಇಳಿಜಾರಿನವರು 25ರಿಂದ 30 ಭಾಗವನ್ನೂ ಸ್ಯಾಗಿಗೆಂದು ಬಿಡುವುದು ವಾಡಿಕೆ. 140 ಮಿಲಿಮೀಟರ್ ಚಲನೆಯ ಫೋರ್ಕಿನಲ್ಲಿ ನೂರಕ್ಕೆ 20 ಎಂದರೆ 28 ಮಿಲಿಮೀಟರ್.

ಅಳೆಯುವ ಕ್ರಮ ಸುಲಭ. ಫೋರ್ಕಿನ ಹೊಳೆಯುವ ಮೇಲ್ಗಾಲಿನ ಮೇಲೆ ಒಂದು ರಬ್ಬರಿನ ಉಂಗುರವಿರುತ್ತದೆ. ಹೆಲ್ಮೆಟ್ಟು, ಬೂಟು, ನೀರು ತುಂಬಿದ ಬೆನ್ನಚೀಲ ಇವೆಲ್ಲವನ್ನೂ ಧರಿಸಿ, ಒಬ್ಬರು ಸೈಕಲ್ಲನ್ನು ಹಿಡಿದಿರಲು, ಸವಾರನು ಪೆಡಲುಗಳ ಮೇಲೆ ಎದ್ದು ನಿಂತು, ಮೊಣಕೈ ಮೊಣಕಾಲುಗಳನ್ನು ತುಸು ಬಾಗಿಸಿ, ಇಳಿಜಾರಿನಲ್ಲಿ ನಿಲ್ಲುವ ಭಂಗಿಯಲ್ಲಿಯೇ ನಿಲ್ಲಬೇಕು. ಜೊತೆಯವರು ಉಂಗುರವನ್ನು ಕೆಳಕ್ಕೆ ಸರಿಸಿ ಕೆಳಗಾಲಿನ ಅಂಚಿಗೆ ಮುಟ್ಟಿಸಬೇಕು. ಬಳಿಕ ಸವಾರನು ಫೋರ್ಕನ್ನು ಅದುಮದಂತೆ ಮೆಲ್ಲನೆ ಇಳಿದರೆ, ಅಂಚಿಗೂ ಉಂಗುರಕ್ಕೂ ನಡುವೆ ಉಳಿದ ಅಂತರವೇ ಸ್ಯಾಗ್. ಹೆಚ್ಚಾಗಿದ್ದರೆ ಗಾಳಿ ತುಂಬಬೇಕು, ಕಡಿಮೆಯಾಗಿದ್ದರೆ ಬಿಡಬೇಕು. ಪ್ರತಿಸಲ ಗಾಳಿಯನ್ನು ಬದಲಿಸಿದ ಮೇಲೆ ಹ್ಯಾಂಡಲನ್ನು ಹತ್ತು ಬಾರಿ ಚೆನ್ನಾಗಿ ಅದುಮಿ ಬಿಡುವುದನ್ನು ಮರೆಯಬಾರದು. ಫೋರ್ಕಿನೊಳಗೆ ಮೇಲೊಂದು ಕೆಳಗೊಂದು ಗಾಳಿಯ ಕೋಣೆಗಳಿದ್ದು, ಅವೆರಡೂ ಸಮತೂಕಕ್ಕೆ ಬರುವುದು ಹಾಗೆ ಅದುಮಿದಾಗಲೇ.

ಈ ಸಣ್ಣ ಅಳತೆಯ ಬೆಲೆಯೇನೆಂಬುದನ್ನು ಒಂದು ಸಂಸಾರದ ಚಿತ್ರವನ್ನು ಊಹಿಸಿಕೊಂಡು ನೋಡಬಹುದು. ಬೆಂಗಳೂರಿನ ಗೃಹಸ್ಥರೊಬ್ಬರು ತಮಗೂ ಹದಿನಾರರ ಮಗಳಿಗೂ ಒದಗಲೆಂದು ಒಂದೇ ಸೈಕಲ್ಲನ್ನು ಕೊಳ್ಳುತ್ತಾರೆ. ತಂದೆಯ ತೂಕ 80 ಕಿಲೋ, ಮಗಳದು 48. ಅಂಗಡಿಯಲ್ಲಿ ಹಣ ಕೊಟ್ಟವರು ತಂದೆಯಾದುದರಿಂದ ಮೆಕ್ಯಾನಿಕ್ಕು ಅವರನ್ನೇ ನಿಲ್ಲಿಸಿ ಚದರಂಗುಲಕ್ಕೆ 80 ಪೌಂಡು ಗಾಳಿ ತುಂಬಿ ಕಳುಹಿಸುತ್ತಾನೆ. ಭಾನುವಾರ ನಂದಿಬೆಟ್ಟದ ಕಡೆಯ ಮಣ್ಣಿನ ಹಾದಿಯಲ್ಲಿ ತಂದೆ ಹರ್ಷದಿಂದ ಇಳಿಯುತ್ತಾರೆ. ಮಗಳ ಸರದಿ ಬಂದಾಗ ಸೈಕಲ್ಲು ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತದೆ. ತಿರುವಿನಲ್ಲಿ ಮುಂಚಕ್ರ ಜಾರುತ್ತದೆ.

“ಅಪ್ಪಾ, ಅಂಗೈ ಉರಿಯುತ್ತದೆ. ಹ್ಯಾಂಡಲ್ ಹಿಡಿದಿರುವುದಕ್ಕೇ ಆಗುವುದಿಲ್ಲ.”

“ಭಯಪಟ್ಟುಕೊಂಡು ಬಿಗಿಯಾಗಿ ಹಿಡಿಯುತ್ತೀಯಲ್ಲಮ್ಮ, ಅದಕ್ಕೆ ಹಾಗೆ. ಅಭ್ಯಾಸವಾದರೆ ಸರಿಹೋಗುತ್ತದೆ.”

ಎರಡು ಮೂರು ಭಾನುವಾರಗಳು ಕಳೆಯುತ್ತವೆ. ‘ಹೆಣ್ಣುಮಕ್ಕಳಿಗೆ ಇದೆಲ್ಲ ಒಗ್ಗುವುದಿಲ್ಲ’ ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೋ ಬೀಳುತ್ತದೆ. ಆ ಹುಡುಗಿಯೂ ಅದನ್ನು ನಂಬಿಬಿಡುತ್ತಾಳೆ. ನಿಜಾಂಶವೇನೆಂದರೆ, ತಂದೆಗೆ 28 ಮಿಲಿಮೀಟರ್ ಕುಗ್ಗುವ ಫೋರ್ಕು ಅವಳ ಭಾರಕ್ಕೆ ಅದರ ಅರ್ಧಕ್ಕಿಂತ ಹೆಚ್ಚೇನೂ ಕುಗ್ಗುತ್ತಿರಲಿಲ್ಲ. ಬೇಕಾದ ಒತ್ತಡವು ಹೆಚ್ಚೂಕಡಿಮೆ ತೂಕದ ಪ್ರಮಾಣದಲ್ಲಿಯೇ ಇಳಿಯುವುದರಿಂದ, ಅವಳಿಗೆ ಸಾಕಾಗುತ್ತಿದ್ದುದು ಸುಮಾರು 50 ಪೌಂಡು ಮಾತ್ರ. ಅವಳು ಸವಾರಿ ಮಾಡುತ್ತಿದ್ದುದು ತನ್ನ ಸೈಕಲ್ಲನ್ನಲ್ಲ. ತಂದೆಯ ತೂಕದ ಸೈಕಲ್ಲನ್ನು. ಧೈರ್ಯದ ಕೊರತೆಯೆಂದು ಕಂಡದ್ದು 30 ಪೌಂಡು ಗಾಳಿಯ ಹೆಚ್ಚಳ. ಐದು ನಿಮಿಷದ ಕೆಲಸವೊಂದನ್ನು ಮಾಡದಿದ್ದುದಕ್ಕಾಗಿ ಒಂದು ಹುಡುಗಿಯ ಉತ್ಸಾಹವನ್ನು ಬೆಲೆಯಾಗಿ ತೆರುವುದು ನ್ಯಾಯವೇ? ಮನೆಮಂದಿ ಒಂದೇ ಸೈಕಲ್ಲನ್ನು ಹಂಚಿಕೊಳ್ಳುವಲ್ಲಿ ಒಬ್ಬೊಬ್ಬರ ಒತ್ತಡವನ್ನೂ ಒಂದು ಚೀಟಿಯಲ್ಲಿ ಬರೆದು ಶಾಕ್ ಪಂಪಿನ ಜೊತೆಗೆ ಇಟ್ಟುಕೊಳ್ಳುವುದು ಅದಕ್ಕೇ ಅವಶ್ಯ.

ಗಾಳಿಯ ತರುವಾಯ ಎಣ್ಣೆಯ ಸರದಿ. ಕುಗ್ಗಿದ ಫೋರ್ಕು ಮರಳಿ ಚಾಚಿಕೊಳ್ಳುವ ವೇಗಕ್ಕೆ ‘ರಿಬೌಂಡ್’ ಎಂದು ಹೆಸರು. ಇದನ್ನು ಅಂಕೆಯಲ್ಲಿಡುವ ತಿರುಪು ಸಾಮಾನ್ಯವಾಗಿ ಬಲಗಾಲಿನ ಕೆಳತುದಿಯಲ್ಲಿ ಕೆಂಪು ಬಣ್ಣದಲ್ಲಿರುತ್ತದೆ. ತಿರುಗಿಸಿದಂತೆ ‘ಕ್ಲಿಕ್’ ಎಂಬ ಸದ್ದಿನೊಡನೆ ಒಂದೊಂದು ಮೆಟ್ಟಿಲು ಸರಿಯುತ್ತದೆ. ಚಾಚುವಿಕೆ ಅತಿವೇಗವಾದರೆ ಸೈಕಲ್ಲು ಚೆಂಡಿನಂತೆ ಪುಟಿದು ಹ್ಯಾಂಡಲನ್ನು ಸವಾರನ ಕೈಯಿಂದ ಕಿತ್ತುಕೊಳ್ಳಲು ನೋಡುತ್ತದೆ. ಅತಿನಿಧಾನವಾದರೆ ಇನ್ನೊಂದು ಬಗೆಯ, ಬೇಗ ಗುರುತಿಗೆ ಸಿಕ್ಕದ ತೊಂದರೆ: ಒಂದು ಕಲ್ಲಿಗೆ ಕುಗ್ಗಿದ ಫೋರ್ಕು ಮರಳಿ ಚಾಚಿಕೊಳ್ಳುವ ಮೊದಲೇ ಎರಡನೆಯ ಕಲ್ಲು, ಮೂರನೆಯ ಕಲ್ಲು ಬಂದು, ಅದು ಕುಗ್ಗುತ್ತಲೇ ಹೋಗಿ ಕೊನೆಗೆ ಬಿಗಿದ ಕಂಬದಂತಾಗುತ್ತದೆ. ಇಂಥ ಸಮಯದಲ್ಲಿ ‘ಗಾಳಿ ಹೆಚ್ಚಾಗಿದೆ’ ಎಂದು ಸವಾರನು ಗಾಳಿ ಬಿಡುತ್ತಾನೆ. ಫೋರ್ಕು ಇನ್ನಷ್ಟು ಕೆಳಗಿಳಿದು ಕುಳಿತು ತೊಂದರೆ ಉಲ್ಬಣಿಸುತ್ತದೆ. ರೋಗ ಎಣ್ಣೆಯದು, ಔಷಧ ಗಾಳಿಗೆ!

ಪರೀಕ್ಷೆ ಮನೆಯ ಮುಂದೆಯೇ ಆಗಬಹುದು. ಫುಟ್‌ಪಾತಿನ ಅಂಚಿನಿಂದ ನಿಧಾನವಾಗಿ ಸೈಕಲ್ಲನ್ನು ಇಳಿಸಿದಾಗ ಫೋರ್ಕು ಒಮ್ಮೆ ಕುಗ್ಗಿ, ಒಮ್ಮೆ ಚಾಚಿ, ತೂಗಾಡದೆ ನಿಲ್ಲಬೇಕು. ಎರಡು ಮೂರು ಬಾರಿ ಏರಿಳಿದರೆ ಚಾಚುವಿಕೆ ವೇಗವಾಯಿತು. ತೂಕಡಿಸುವವನಂತೆ ಮೆಲ್ಲಮೆಲ್ಲನೆ ಎದ್ದರೆ ನಿಧಾನವಾಯಿತು. ಗಾಳಿಯ ಒತ್ತಡ ಹೆಚ್ಚಿದಷ್ಟೂ ಅದು ಚಿಮ್ಮುವ ಬಲ ಹೆಚ್ಚುವುದರಿಂದ ಭಾರವಾದ ಸವಾರರಿಗೆ ಹೆಚ್ಚು ತಡೆಯೂ, ಹಗುರವಾದವರಿಗೆ ಕಡಿಮೆ ತಡೆಯೂ ಬೇಕು. ಆದಕಾರಣ ಮೇಲಿನ ಸಂಸಾರದಲ್ಲಿ ಗಾಳಿಯೊಂದನ್ನೇ ಇಳಿಸಿದರೆ ಸಾಲದು. ಕೆಂಪು ತಿರುಪನ್ನೂ ಕೆಲವು ಕ್ಲಿಕ್ಕುಗಳಷ್ಟು ಸಡಿಲಿಸಬೇಕು.

ಕುಗ್ಗುವ ವೇಗವನ್ನು ತಡೆಯುವ ನೀಲಿ ತಿರುಪು ಬಲಗಾಲಿನ ಮೇಲ್ತುದಿಯಲ್ಲಿರುತ್ತದೆ. ಬೆಲೆಬಾಳುವ ಫೋರ್ಕುಗಳಲ್ಲಿ ಇದೂ ಎರಡಾಗಿ, ‘ಲೋ ಸ್ಪೀಡ್’ ‘ಹೈ ಸ್ಪೀಡ್’ ಎಂಬ ಹೆಸರುಗಳನ್ನು ಹೊತ್ತಿರುತ್ತದೆ. ಇವು ಸೈಕಲ್ಲು ಓಡುವ ವೇಗದ ಮಾತೆಂದು ಅನೇಕರು ತಿಳಿಯುವುದುಂಟು. ವಾಸ್ತವವಾಗಿ ಇದು ಫೋರ್ಕಿನ ಕಾಲು ಕುಗ್ಗುವ ವೇಗದ ಮಾತು. ಬ್ರೇಕು ಹಿಡಿದಾಗ ಮೂತಿ ಕೆಳಗಾಗುವುದು, ಪೆಡಲು ತುಳಿದಾಗ ತೂಗಾಡುವುದು ಇವು ನಿಧಾನದ ಚಲನೆಗಳು. ಚೂಪಾದ ಕಲ್ಲು ಬಡಿದಾಗ ಆಗುವುದು ವೇಗದ ಚಲನೆ. ಹೊಸಬರು ಈ ತಿರುಪುಗಳನ್ನು ಪೂರ್ತಿ ಸಡಿಲಿಸಿಟ್ಟು ಆರಂಭಿಸಿ, ಅವಶ್ಯವೆನಿಸಿದಾಗ ಒಂದೊಂದೇ ಕ್ಲಿಕ್ಕು ಬಿಗಿಯುವುದು ಕ್ಷೇಮ. ಏರುಹಾದಿಗಾಗಿ ಫೋರ್ಕನ್ನು ಬಂಧಿಸಿಡುವ ಸನ್ನೆಯನ್ನು ಇಳಿಯುವ ಮೊದಲು ಮರಳಿ ಬಿಡಿಸಲು ಮರೆತರಂತೂ, ಇಷ್ಟೆಲ್ಲ ಪರಿಶ್ರಮವೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ಸ್ಯಾಗ್ ಸರಿಯಾಗಿದ್ದೂ ದೊಡ್ಡ ಪೆಟ್ಟಿಗೆ ಫೋರ್ಕು ತಳಮುಟ್ಟಿ ‘ಠಣ್’ ಎನ್ನುವುದಾದರೆ ಅದಕ್ಕೆ ಬೇರೊಂದು ಉಪಾಯವುಂಟು. ಗಾಳಿಯ ಕೋಣೆಯೊಳಗೆ ಪ್ಲಾಸ್ಟಿಕ್ಕಿನ ಸಣ್ಣ ಬಿಲ್ಲೆಗಳನ್ನು ಕೂಡಿಸುತ್ತಾರೆ. ಗಾಳಿಗಿರುವ ಜಾಗ ಕಿರಿದಾಗಿ, ಚಲನೆಯ ಆರಂಭದಲ್ಲಿ ಹೆಚ್ಚು ವ್ಯತ್ಯಾಸವಾಗದೆ ಕೊನೆಯಲ್ಲಿ ಮಾತ್ರ ಫೋರ್ಕು ಬಿಗಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಅತ್ಯಂತ ಕಠಿಣವಾದ ಇಳಿಜಾರು ಮುಗಿದ ಮೇಲೂ ರಬ್ಬರಿನ ಉಂಗುರವು ಮುಕ್ಕಾಲು ಭಾಗವನ್ನೂ ದಾಟಿರದಿದ್ದರೆ, ಹಣ ಕೊಟ್ಟು ಕೊಂಡ ಚಲನೆಯನ್ನು ಬಳಸದೆ ಪೆಟ್ಟಿಗೆಯಲ್ಲಿಟ್ಟಂತಾಯಿತು. ಬಿಲ್ಲೆಯನ್ನಾಗಲಿ ಗಾಳಿಯನ್ನಾಗಲಿ ತಗ್ಗಿಸಬೇಕು. ಬಿಲ್ಲೆಗಾಗಿ ಫೋರ್ಕನ್ನು ಬಿಚ್ಚುವ ಮೊದಲು ಗಾಳಿಯನ್ನೆಲ್ಲ ಹೊರಬಿಡುವುದು ಕಡ್ಡಾಯ. ಇಲ್ಲದಿದ್ದರೆ ಮುಚ್ಚಳವು ಗುಂಡಿನಂತೆ ಹಾರೀತು.

ಇವೆಲ್ಲಕ್ಕೂ ಮೇಲಾದ ನಿಯಮವೊಂದಿದೆ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಟೈರಿನ ಗಾಳಿಯನ್ನು ಮೊದಲು ನಿಗದಿಗೊಳಿಸಿ, ಅರ್ಧ ಕಿಲೋಮೀಟರಿನಷ್ಟು ಒಂದೇ ಹಾದಿಯನ್ನು ಆರಿಸಿಕೊಂಡು, ಅದರಲ್ಲಿಯೇ ಮತ್ತೆ ಮತ್ತೆ ಇಳಿಯಬೇಕು. ಮೊದಲು ಅತಿಯೆನಿಸುವಷ್ಟು ವೇಗ, ಮತ್ತೆ ಅತಿಯೆನಿಸುವಷ್ಟು ನಿಧಾನ, ಅನಂತರ ಅವೆರಡರ ನಡುವಿನ ಸ್ಥಾನ, ಹೀಗೆ ಎರಡೂ ತುದಿಗಳಿಂದ ನಡುವಿಗೆ ಬಂದರೆ ಹದ ತಾನಾಗಿ ಸಿಕ್ಕುತ್ತದೆ. ತಿರುಪನ್ನು ಪೂರ್ತಿ ಬಿಗಿದು, ಅಲ್ಲಿಂದ ಸಡಿಲಿಸಿದ ಕ್ಲಿಕ್ಕುಗಳನ್ನು ಎಣಿಸಿ ಬರೆದಿಟ್ಟುಕೊಳ್ಳಬೇಕು. ಎರಡು ಮೂರನ್ನು ಒಟ್ಟಿಗೆ ತಿರುಗಿಸಿ, ಯಾವುದರಿಂದ ಏನಾಯಿತೆಂದು ತಿಳಿಯದೆ ತಲೆ ಕೆರೆದುಕೊಳ್ಳುವವರಿಗಿಂತ ಈ ಲೆಕ್ಕದ ಪುಸ್ತಕದವನು ಬೇಗ ಗುರಿ ಸೇರುತ್ತಾನೆ.

ಹದಗೊಂಡ ಫೋರ್ಕು ಹದದಲ್ಲಿಯೇ ಉಳಿಯಬೇಕಾದರೆ ಆರೈಕೆ ಬೇಕು. ಮಲೆನಾಡಿನ ಮಳೆಗಾಲದ ಕೆಸರೂ ಬಯಲುಸೀಮೆಯ ಬೇಸಗೆಯ ಧೂಳೂ ಫೋರ್ಕಿಗೆ ಒಂದೇ ಬಗೆಯ ಶತ್ರುಗಳು. ಪ್ರತಿ ಸವಾರಿಯ ತರುವಾಯ ಹೊಳೆಯುವ ಮೇಲ್ಗಾಲುಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ರಭಸದ ನೀರಿನ ಯಂತ್ರವನ್ನು ಅವುಗಳ ರಬ್ಬರು ಸೀಲಿನ ಕಡೆಗೆ ಹಿಡಿಯಬಾರದು. ರಾಕ್‌ಷಾಕ್ಸ್ ಸಂಸ್ಥೆಯು ತನ್ನ ಅನೇಕ ಫೋರ್ಕುಗಳಿಗೆ 50 ಗಂಟೆಗಳ ಸವಾರಿಗೊಮ್ಮೆ ಕೆಳಗಾಲುಗಳ ಎಣ್ಣೆಯನ್ನು ಬದಲಿಸಲು ವಿಧಿಸುತ್ತದೆ. ಬೇಕಾಗುವುದು ಕೆಲವೇ ಚಮಚೆಯಷ್ಟು ಎಣ್ಣೆ. ಆದರೆ ಅದು ಒಣಗಿದರೆ ಮೇಲಿನ ಲೆಕ್ಕಾಚಾರವೆಲ್ಲ ಸುಳ್ಳಾಗುತ್ತದೆ.

ದೂರದೇಶಕ್ಕೆ ಸೈಕಲ್ಲನ್ನು ಒಯ್ಯುವವರು ಇನ್ನೊಂದು ವಿಷಯವನ್ನು ನೆನಪಿಡತಕ್ಕದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ, ಲಡಾಖಿನ ಲೇಹ್ ಪಟ್ಟಣ ಸುಮಾರು 3500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹೊರಗಿನ ಗಾಳಿ ತೆಳುವಾದುದರಿಂದ ಫೋರ್ಕಿನ ಒತ್ತಡ ಮೂರು ನಾಲ್ಕು ಪೌಂಡು ಏರಿದಂತಾಗುತ್ತದೆ; ಅಲ್ಲಿಯ ಚಳಿಯು ಅದನ್ನು ಮತ್ತೆ ಇಳಿಸುತ್ತದೆ. ಎರಡರಲ್ಲಿ ಯಾವುದು ಗೆದ್ದಿತೆಂಬುದನ್ನು ಅಲ್ಲಿಯೇ ಪಂಪು ಹಾಕಿ ನೋಡಬೇಕು.

ಕೊಳ್ಳಲಿರುವವರಿಗೆ ಒಂದು ಹಿತವಚನ. ಅಗ್ಗದ ಸೈಕಲ್ಲುಗಳಲ್ಲಿ ಫೋರ್ಕೆಂದು ಕಾಣುವುದು ಅನೇಕ ಸಲ ಬರಿಯ ಸ್ಪ್ರಿಂಗು. ಅದರಲ್ಲಿ ಎಣ್ಣೆಯ ತಡೆಯೂ ಇಲ್ಲ, ಕೆಂಪು ತಿರುಪೂ ಇಲ್ಲ. ಮೇಲಿರುವ ತಿರುಪು ಸ್ಪ್ರಿಂಗನ್ನು ತುಸು ಮುಂದಾಗಿ ಬಿಗಿಯುತ್ತದೆಯೇ ವಿನಾ ಅದರ ಗುಣವನ್ನು ಬದಲಿಸದು. ಹದಗೊಳಿಸಲು ಬಾರದ ಭಾರವನ್ನು ಹೊತ್ತು ತಿರುಗುವುದಕ್ಕಿಂತ, ಬಿಗಿಯಾದ ಹಗುರ ಫೋರ್ಕು, ಅಗಲವಾದ ಟೈರು ಇರುವ ಸೈಕಲ್ಲನ್ನು ಅದೇ ಹಣಕ್ಕೆ ಕೊಳ್ಳುವುದು ಮೇಲು.

ಬೆಳೆಯುವ ಮಕ್ಕಳಿರುವ ಮನೆಯಲ್ಲಿ ಈ ಕೆಲಸ ಒಮ್ಮೆ ಮಾಡಿ ಮುಗಿಸುವಂಥದಲ್ಲ. ಆರು ತಿಂಗಳಲ್ಲಿ ಅಂಗಿ ಗಿಡ್ಡವಾಗುವುದನ್ನು ತಾಯಿ ಗಮನಿಸುತ್ತಾಳೆ. ಚಪ್ಪಲಿ ಚಿಕ್ಕದಾಗುವುದನ್ನು ಮಕ್ಕಳೇ ಹೇಳುತ್ತಾರೆ. ಫೋರ್ಕಿನ ಗಾಳಿ ಕಡಿಮೆಯಾದುದನ್ನು ಯಾರೂ ಹೇಳರು. ಅಂಗಿಯ ಅಳತೆ ತೆಗೆಯುವ ದಿನವೇ ಸ್ಯಾಗಿನ ಅಳತೆಯನ್ನೂ ತೆಗೆದುಕೊಂಡರೆ ಒಳ್ಳೆಯದು.